ಹೊಳೆ ಕವಲಾದ ಕಡೆ

ಧಾರವಾಡದಲ್ಲಿ ಯಾರಿಗಾದರೂ ‘ಮಿರಜಕ್ಕ ಹೊಂಟೇನಿ’ ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ‘ಯಾರಿಗೆ ಏನಾತು?’ ಎಂಬುದೇ ಮೊದಲ ಮಾತು. ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1890ರ ದಶಕದಲ್ಲಿ ಅಲ್ಲಿ ದವಾಖಾನೆ ತೆರೆದಾಗಿನಿಂದ ಬೆಳಗಾವಿ, ವಿಜಯಪುರ, ಧಾರವಾಡದ ಜನರಿಗೆ ಮಿರಜ ಅಂದರೆ ಆಪರೇಶನ್ನು, ಮಿರಜ ಅಂದರೆ ಕಾಟಿನ ಪಕ್ಕ ಕುಳಿತು ಕಳೆದ ರಾತ್ರಿ. ನಾನು ಹೊರಟದ್ದು ತಂಬೂರಿ ಹೊತ್ತುಕೊಂಡು. ನನ್ನ ಗುರುಗಳು ಬಿಟ್ಟುಹೋದ ತಂಬೂರಿಯ ಬುರುಡೆ ಬಿರುಕು ಬಿಟ್ಟಿತ್ತು. ಅದನ್ನು ಮುಟ್ಟಬಲ್ಲ ಕೈಗಳು ಮಿರಜದಲ್ಲೇ ಇರುವುದು ಎಂದು ಬಲ್ಲವರೆಲ್ಲ ಹೇಳಿದರು. ಆ ಕೆಲಸ ಆಯಿತು, ತಂಬೂರಿ ಈಗ ಮೊದಲಿಗಿಂತ ಚೆನ್ನಾಗಿ ನುಡಿಯುತ್ತಿದೆ. ಮನಸ್ಸಿನಲ್ಲಿ ಇಂದಿಗೂ ಕೊರೆಯುತ್ತಿರುವುದು ಮಾತ್ರ ಆ ಪ್ರವಾಸದಲ್ಲಿ ಕಂಡ ಒಂದು ನಡುಗಡ್ಡೆ. ಸಾಂಗಲಿ ಜಿಲ್ಲೆಯ ಬಹೆ ಎಂಬ ಊರಿನ ಬಳಿ, ಕೃಷ್ಣೆಯ ನಟ್ಟನಡುವೆ, ಒಂದು ಒಕ್ಕಲೂ ಇಲ್ಲದ ರಾಮಲಿಂಗ ಬೇಟ.

ಕುಡಚಿ ಬಿಟ್ಟ ಕೂಡಲೇ ರೈಲು ಕೃಷ್ಣೆಯ ಸೇತುವೆ ಏರಿತು. ಮಾಘ ಮಾಸದ ನೀರು ತೆಳ್ಳಗಿತ್ತು. ಹೊಳೆಯ ಮಧ್ಯೆ ಒಂದು ಉದ್ದನೆಯ ದಿಬ್ಬ, ಮೇಲೆ ಆಪಿನ ಹುಲ್ಲು, ನಾಲ್ಕು ಜಾಲಿ ಗಿಡ. ಪಕ್ಕದಲ್ಲಿ ಉಗಾರಕ್ಕೆ ಹೊರಟಿದ್ದ ರೈತರೊಬ್ಬರು ಕುಳಿತಿದ್ದರು. ‘ಅದಕ್ಕ ಏನಂತಾರ್ರಿ?’ ಎಂದೆ. ಅವರು ಕಿಟಕಿಯಾಚೆ ನೋಡಿ, ‘ಅದಕ್ಕೇನ್ ಹೆಸರ ಇರತೈತ್ರಿ ಅಕ್ಕಾರ, ಮಳಿಗಾಲದಾಗ ಮುಳಗತೈತಿ’ ಎಂದರು. ಅಷ್ಟರಲ್ಲಿ ಸೇತುವೆ ಮುಗಿಯಿತು.

ನನಗೆ ಆ ಮಾತು ಒಗ್ಗಲಿಲ್ಲ. ನನ್ನ ತವರು ಲಿಂಗಸುಗೂರು ತಾಲ್ಲೂಕಿನ ಹೊಳೆದಂಡೆ. ಅಲ್ಲಿ ಇದೇ ಕೃಷ್ಣೆ ಜಲದುರ್ಗದ ಕೋಟೆಯನ್ನು ಸುತ್ತಿ, ಬಂಡೆಗಳ ನಡುವೆ ಹತ್ತಾರು ಕವಲಾಗಿ ಒಡೆಯುತ್ತದೆ. ಕವಲುಗಳ ನಡುವೆ ಉಳಿದದ್ದೆಲ್ಲ ಗಡ್ಡಿ. ಕಡದರಗಡ್ಡಿ, ಮ್ಯಾದರಗಡ್ಡಿ, ಕರಕಲಗಡ್ಡಿ. ಆಚೆ ಸುರಪುರದ ಕಡೆಗೆ ನೀಲಕಂಠರಾಯನಗಡ್ಡಿ. ಕೆಳಗೆ ರಾಯಚೂರಿನ ಹತ್ತಿರ ನಾರದಗಡ್ಡೆ, ಶ್ರೀಪಾದ ವಲ್ಲಭರ ಕುರುವಗಡ್ಡೆ. ಕೆಲವದರಲ್ಲಿ ಊರಿದೆ, ಕೆಲವದರಲ್ಲಿ ಮಠವಿದೆ. ಏನೂ ಇಲ್ಲದವೂ ಬೇಕಾದಷ್ಟಿವೆ, ಅವಕ್ಕೂ ಹೆಸರಿವೆ. ಮಳೆಗಾಲದಲ್ಲಿ ಮುಳುಗುತ್ತದೆ ಎಂಬ ಕಾರಣಕ್ಕೇ ಅದಕ್ಕೆ ಹೆಸರು ಬೇಕು ಎಂದು ನಂಬಿದ ಜನರ ನಡುವೆ ನಾನು ಬೆಳೆದೆ. ಹೆಸರಿಲ್ಲದಿದ್ದರೆ ‘ಯಾವುದು ಮುಳುಗಿತು’ ಎಂದು ಹೇಳುವುದಾದರೂ ಹೇಗೆ?

ಮಿರಜದ ಓಣಿಯಲ್ಲಿ ತಂಬೂರಿ, ಸಿತಾರ್ ಮಾಡುವ ಮನೆಗಳು ಸಾಲಾಗಿವೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಇದು, ಅವರ ಹೆಸರಿನ ಸಂಗೀತೋತ್ಸವ ಇಂದಿಗೂ ಶಮ್ನಾ ಮೀರಾ ದರ್ಗಾದಲ್ಲಿ ನಡೆಯುತ್ತದೆ. ನನ್ನ ತಂಬೂರಿ ಇಸಿದುಕೊಂಡ ಚಾಚಾ ಎಪ್ಪತ್ತು ದಾಟಿದವರು. ಮೊದಲು ಬೆರಳ ಗೆಣ್ಣಿನಿಂದ ಬುರುಡೆಯನ್ನು ಸುತ್ತಲೂ ತಟ್ಟಿದರು. ಬಿರುಕಿನ ಹತ್ತಿರ ಸದ್ದು ಬದಲಾಗುವಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಆಮೇಲೆ ಕುದುರೆಯ ಮೇಲಿನ ನಾಲ್ಕು ತಂತಿಗಳನ್ನು ಎತ್ತಿ, ಸವೆದ ತಾವನ್ನು ಉಗುರಿನಿಂದ ಸವರಿ ನೋಡಿ, ನೂಲಿನ ತುಂಡುಗಳನ್ನು ತೆಗೆದು ಒಂದು ಬಟ್ಟಲಲ್ಲಿಟ್ಟರು. ಅಷ್ಟೂ ಹೊತ್ತು ಬಾಯಿ ತೆರೆಯಲಿಲ್ಲ. ಮುಗಿದ ಮೇಲೆ, ‘ಬುರಡಿ ಪಂಢರಪುರದ ಕಡೀದು, ಹಳೇ ಮಾಲು. ಈಗ ಇಷ್ಟ ದಪ್ಪಂದು ಸಿಗೂದಿಲ್ರಿ ಬಾಯಿ’ ಎಂದರು.

ಬುರುಡೆಯ ಮಾತಿಗೆ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮ ಕಡೆ ಒಣಗಿದ ಸೋರೆ ಬುರುಡೆ ಹಾಡಿಗಿಂತ ಹೊಳೆಗೇ ಹೆಚ್ಚು ಬೇಕು ಎಂದೆ. ಸೊಂಟಕ್ಕೆ ಬುರುಡೆ ಕಟ್ಟಿಕೊಂಡು ಈಜಿ ಗಡ್ಡಿಯಿಂದ ದಂಡೆಗೆ ಬರುವವರನ್ನು ನಾನು ನೋಡಿದ್ದೇನೆ. 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ದವಾಖಾನೆ ಸೇರಲು, ತುಂಬಿದ ಕೃಷ್ಣೆಯನ್ನು ಬುರುಡೆ ಕಟ್ಟಿಕೊಂಡೇ ಈಜಿ ದಾಟಿದರು. ಅಣ್ಣತಮ್ಮಂದಿರು ಸುತ್ತ ಈಜುತ್ತಿದ್ದರು. ದೇಶದ ಪತ್ರಿಕೆಗಳೆಲ್ಲ ಆಗ ಬರೆದವು. ಚಾಚಾ ನನ್ನ ತಂಬೂರಿಯ ಬುರುಡೆಯ ಮೇಲೆ ಕೈಯಿಟ್ಟು ಕೇಳುತ್ತ ಕುಳಿತಿದ್ದರು. ಅಂಗಡಿಯಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಹಾರ್ಮೋನಿಯಂ ದುರಸ್ತಿಗೆ ಕಾದಿದ್ದರು. ‘ಗಡ್ಡಿ ನೋಡೂ ಆಸೆ ಇದ್ರ ನಮ್ಮ ಜಿಲ್ಲಾದಾಗ ಒಂದು ಐತ್ರಿ’ ಎಂದವರು ಅವರೇ. ‘ಮಂದಿ ಇಲ್ಲ, ಹನಮಪ್ಪ ಒಬ್ಬನ ಅದಾನ.’

ತಂಬೂರಿ ಸಿದ್ಧವಾಗುವವರೆಗೆ ಬಿಡುವಿತ್ತು. ಮಾಸ್ತರರು ಸಾಂಗಲಿಯ ತಮ್ಮ ಮಗಳ ಮನೆಗೆ ಕರೆದೊಯ್ದರು.

ಸಾಂಗಲಿಯಲ್ಲಿ ಹೊಳೆಯ ಎತ್ತರವನ್ನು ಇರ್ವಿನ್ ಸೇತುವೆಯ ಹತ್ತಿರ ಅಳೆಯುತ್ತಾರೆ. 1929ರಲ್ಲಿ ತೆರೆದ ಸೇತುವೆಗೆ ಅಂದಿನ ವೈಸರಾಯ್ ಹೆಸರು. ಆತ ಹೋಗಿ ಎಷ್ಟೋ ಕಾಲವಾಯಿತು, ಇಂದು ಸಾಂಗಲಿಕರರ ಬಾಯಲ್ಲಿ ಇರ್ವಿನ್ ಅಂದರೆ ನೀರಿನ ಮಟ್ಟ. ‘ಇರ್ವಿನ್‌ಗೆ ಎಷ್ಟು?’ ಎಂದು ಮಳೆಗಾಲದಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾರೆ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿತು. ಮಾಸ್ತರರ ಮಗಳು ಅಡುಗೆಮನೆಯ ಗೋಡೆಯಲ್ಲಿ ನನ್ನ ತಲೆಗಿಂತ ಮೇಲೆ ಒಂದು ತಾವು ತೋರಿಸಿದಳು. ಸುಣ್ಣ ಬಳಿದರೂ ಅಲ್ಲಿ ಕಂದು ಗೆರೆ ಮತ್ತೆ ಮತ್ತೆ ಮೂಡುತ್ತದಂತೆ. ಆ ಗೆರೆಯ ಕೆಳಗೇ ಕುಳಿತು ಊಟ ಮಾಡಿದೆವು. ಜೋಳದ ಭಾಕರಿ, ಶೇಂಗಾ ಹಾಕಿ ಕುಟ್ಟಿದ ಹಸಿಮೆಣಸಿನ ಠೇಚಾ, ಕೃಷ್ಣೆಯ ದಂಡೆಯ ಬದನೆಕಾಯಿ. ಈ ಬದನೆಯ ಬಗ್ಗೆ ಸಾಂಗಲಿಯವರಿಗೆ ಬಹಳ ಅಭಿಮಾನ. ಸಿಪ್ಪೆ ತೆಳು, ಬೀಜ ಕಡಿಮೆ, ಒಲೆಯ ಮೇಲೆ ಬೇಗ ಕರಗುತ್ತದೆ. ನಮ್ಮ ಮುಳಗಾಯಿ ಎಣ್ಣೆಗಾಯಿಗೆ ಹೆಚ್ಚು ಖಾರ, ಇಲ್ಲಿಯದಕ್ಕೆ ತುಸು ಬೆಲ್ಲ. ಆ ಹುಡುಗಿ ಬಡಿಸುತ್ತ, ‘ಮಾವಶಿ, ಪುರ ಬಂದ ವರ್ಷ ದಂಡೀ ಬದನಿ ಭಾಳ ಛಲೋ ಬರತಾವ್ರಿ’ ಎಂದಳು. ಮನೆ ತೊಳೆದುಹೋದ ಮಾತು ಮತ್ತು ಬದನೆ ಚೆನ್ನಾಗಿ ಬಂದ ಮಾತು ಒಂದೇ ಉಸಿರಿನಲ್ಲಿ ಬಂತು. ಹೊಳೆದಂಡೆಯಲ್ಲಿ ಬದುಕುವವರೆಲ್ಲ ಹೀಗೇ ಮಾತಾಡುತ್ತಾರೆ.

ಸಂಜೆ ಹರಿಪುರಕ್ಕೆ ಹೋದೆವು. ವಾರಣಾ ನದಿ ಬಂದು ಕೃಷ್ಣೆಗೆ ಸೇರುವ ತಾಣ, ಮೇಲೆ ಸಂಗಮೇಶ್ವರ. ಈ ಊರಿನಲ್ಲಿ ಅರಿಶಿನವನ್ನು ನೆಲದಡಿಯ ಹಗೇವುಗಳಲ್ಲಿ ಇಡುತ್ತಿದ್ದರು. ಮರಾಠಿಯವರು ಪೇವ್ ಎನ್ನುತ್ತಾರೆ. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಇಟ್ಟರೂ ಅರಿಶಿನಕ್ಕೆ ಹುಳ ಹಿಡಿಯುತ್ತಿರಲಿಲ್ಲ. 2005ರ ಪ್ರವಾಹದಲ್ಲಿ ಹೊಳೆ ಈ ಹಗೇವುಗಳಿಗೂ ಇಳಿಯಿತು, ಬಹಳಷ್ಟು ಹಾಳಾದವು. ಸಾಂಗಲಿಯ ಅರಿಶಿನದ ಪೇಟೆ ದೇಶಕ್ಕೆಲ್ಲ ಗೊತ್ತು, ಆದರೆ ಅದನ್ನು ಕಾದ ಮಣ್ಣಿನ ಕತೆ ಹರಿಪುರದ ಹೊರಗೆ ಅಷ್ಟಾಗಿ ಕೇಳಿಸುವುದಿಲ್ಲ.

ಮಾಸ್ತರರಿಗೆ ಸಾಂಗಲಿಯ ಕನ್ನಡದ ನಂಟುಗಳನ್ನು ಎಣಿಸಿ ಹೇಳುವುದೆಂದರೆ ಪ್ರೀತಿ. ಹಳೆಯ ಶಾಸನಗಳಲ್ಲಿ ಬರುವ ‘ಮಿರಿಂಜೆ ಮೂರು ಸಾವಿರ’ ಎಂಬ ನಾಡು ಇದೇ ಮಿರಜದ್ದು. ಹೊನ್ನಾವರದ ಹತ್ತಿರದ ಕರ್ಕಿಯಿಂದ ಬಂದ ಭಾಗವತರ ಮೇಳದ ಆಟವನ್ನು ಇಲ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ನೋಡಿ, ಮರಾಠಿಯಲ್ಲೂ ಇಂಥದ್ದು ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ್ದರಿಂದ 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ಅಲ್ಲಿಂದ ತನ್ನ ವಯಸ್ಸು ಎಣಿಸುತ್ತದೆ. ಇದನ್ನು ಹೇಳುವಾಗ ಮಾಸ್ತರರ ದನಿಯಲ್ಲಿ ಹಕ್ಕು ಸಾಧಿಸುವ ಧಾಟಿ ಇರಲಿಲ್ಲ. ಎರಡೂ ಭಾಷೆಯಲ್ಲಿ ಬದುಕಿದವರ ಸಲಿಗೆ ಇತ್ತು.

ಬಹೆಗೆ ಹೋಗುವ ದಾರಿಯುದ್ದಕ್ಕೂ ಕಬ್ಬು. ಕಡಿಯುವ ಕಾಲ. ಮರಾಠವಾಡದ ಕಡೆಯಿಂದ ಬಂದವರ ಗುಡಾರಗಳು, ಹೇರು ಹೊತ್ತ ಟ್ರ್ಯಾಕ್ಟರು, ಎತ್ತಿನ ಗಾಡಿ. ನಡುವೆ ಇಸ್ಲಾಂಪುರ ಬಂತು. 2025ರಲ್ಲಿ ಸರ್ಕಾರ ಅದರ ಹೆಸರನ್ನು ಈಶ್ವರಪುರ ಎಂದು ಬದಲಿಸಿದೆ. ಬಸ್ಸಿನಲ್ಲಿ ಕೆಲವರು ಹೊಸ ಹೆಸರು ಹೇಳಿ ಟಿಕೆಟ್ ಕೇಳಿದರು, ಕೆಲವರು ಹಳೆಯದನ್ನು ಹೇಳಿದರು, ಕಂಡಕ್ಟರ್ ಇಬ್ಬರಿಗೂ ಕೊಟ್ಟರು. ದೊಡ್ಡ ಊರುಗಳ ಹೆಸರಿಗೆ ಸಭೆ ಇದೆ, ಗೆಜೆಟ್ ಇದೆ, ಫಲಕ ಇದೆ. ನಾನು ನೋಡಹೊರಟ ಜಾಗದ ಹೆಸರಿಗೆ ಜನರ ಬಾಯಿ ಬಿಟ್ಟರೆ ಬೇರೆ ಆಸರೆ ಇಲ್ಲ.

ಬಹೆಯಲ್ಲಿ ಹೊಳೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾ ನದಿಯನ್ನು ಕೂಡಿಕೊಂಡು ತುಂಬಿ ಬಂದ ಕೃಷ್ಣೆಗೆ ಇಲ್ಲಿ ತಳದಲ್ಲಿ ಕರಿಕಲ್ಲು ಅಡ್ಡ ಸಿಗುತ್ತದೆ. ನೀರು ಇಳಿದಾಗ ಆ ಕಲ್ಲು ಮೇಲೆದ್ದು ಕಾಣುತ್ತದೆ, ಅದರ ಸಂದುಗಳಲ್ಲಿ ಗುಂಡಗಿನ ಕುಳಿಗಳು, ಕುಳಿಯ ತಳದಲ್ಲಿ ನುಣುಪಾದ ಹರಳು. ಹರಳು ತಿರುಗಿ ತಿರುಗಿ ಕೊರೆದ ಕುಳಿಗಳವು. ನಮ್ಮ ಕಡೆಯ ಗಡ್ಡಿಗಳ ಬಂಡೆ ಬೇರೆ. ಅದು ಕೆಂಪು ಮತ್ತು ಬೂದು ಬಣ್ಣದ ಕಣಶಿಲೆ, ವಯಸ್ಸು ಸುಮಾರು 250 ಕೋಟಿ ವರ್ಷ. ಬಹೆಯದು ಲಾವಾ ಹರಿದು ಗಟ್ಟಿಯಾದ ಕರಿಕಲ್ಲು, ಸುಮಾರು 6.6 ಕೋಟಿ ವರ್ಷದ್ದು. ಹೊಳೆ ಒಂದೇ. ಅದು ಮೊದಲು ಎಳೆಯ ಕಲ್ಲಿನ ಮೇಲೆ ಹರಿದು, ಆಮೇಲೆ ಮುದಿ ಕಲ್ಲಿನ ನಾಡಿಗೆ ಇಳಿಯುತ್ತದೆ. ಎರಡು ಕಡೆಯೂ ನಡುಗಡ್ಡೆ ಹುಟ್ಟುವ ರೀತಿ ಒಂದೇ ಬಗೆಯದು. ಗಟ್ಟಿ ಕಲ್ಲಿಗೆ ಬಡಿದು ನೀರು ಎರಡಾಗುತ್ತದೆ, ಕಲ್ಲಿನ ಹಿಂದೆ ಓಟ ತಗ್ಗುತ್ತದೆ, ಹೊತ್ತು ತಂದ ಮಣ್ಣು ಅಲ್ಲಿ ಕೂರುತ್ತದೆ, ಹುಲ್ಲು ಹತ್ತುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ. ಮುಂದಿನ ಪ್ರವಾಹ ಅರ್ಧ ಒಯ್ಯುತ್ತದೆ, ಅರ್ಧ ಬಿಡುತ್ತದೆ.

ಬೇಟದ ಮೇಲೆ ರಾಮಲಿಂಗನ ಗುಡಿ. ಅದರ ಹಿಂದೆ ಮಾರುತಿ. ಹದಿನೇಳನೆಯ ಶತಮಾನದ ನಡುವೆ ಸಮರ್ಥ ರಾಮದಾಸರು ಸ್ಥಾಪಿಸಿದ ಹನ್ನೊಂದು ಮಾರುತಿಗಳಲ್ಲಿ ಇದೂ ಒಂದು. ಇದೇ ಜಿಲ್ಲೆಯ ಶಿರಾಳೆಯಲ್ಲಿ ಇನ್ನೊಂದಿದೆ. ಎಲ್ಲೆಡೆ ಕಾಣುವಂತೆ ಗದೆ ಎತ್ತಿದ, ಗುಡ್ಡ ಹೊತ್ತ ಹನುಮಂತ ಇವನಲ್ಲ. ನೀರನ್ನು ತಡೆಯುವವನ ಹಾಗೆ ಎರಡೂ ತೋಳು ಬದಿಗೆ ಒತ್ತಿ ನಿಂತಿದ್ದಾನೆ. ಸಿಂಧೂರ ದಪ್ಪಗೆ ಕೂತು ಮೈಯ ಅಂಚುಗಳೆಲ್ಲ ಮೆತ್ತಗಾಗಿವೆ, ತೋಳಿನ ಬಿಗಿ ಮಾತ್ರ ಸಿಂಧೂರದ ಒಳಗಿನಿಂದಲೂ ತಿಳಿಯುತ್ತದೆ.

ಪೂಜೆಗೆ ದಂಡೆಯಿಂದ ಬಂದುಹೋಗುವ ಗುರವರು ಮರಾಠಿಯಲ್ಲಿ ಕತೆ ಹೇಳಿದರು, ಮಾಸ್ತರರು ಅಲ್ಲಲ್ಲಿ ಕನ್ನಡಿಸಿದರು. ರಾಮ ಇಲ್ಲಿ ಲಿಂಗಪೂಜೆಗೆ ಕುಳಿತಿದ್ದ. ರಾಮನನ್ನು ಕಂಡ ಸಂತೋಷಕ್ಕೆ ಕೃಷ್ಣೆ ಉಕ್ಕಿ ಬಂದಳು. ಪೂಜೆ ಕೆಡಬಾರದೆಂದು ಮಾರುತಿ ಹಿಂದೆ ನಿಂತು ಬಾಹು ಚಾಚಿದ. ಹೊಳೆ ಎರಡಾಗಿ ಅತ್ತ ಇತ್ತ ಹರಿಯಿತು, ನಡುವೆ ಬೇಟ ಉಳಿಯಿತು. ಬಾಹುವಿನಿಂದ ಊರಿಗೆ ಬಹೆ ಎಂದು ಹೆಸರಾಯಿತು. ರಾಮದಾಸರು ಈ ಮಾರುತಿಯನ್ನು ನೋಡಲು ಬಂದಾಗ ಮೂರ್ತಿ ಇರಲಿಲ್ಲ. ಮಡುವಿಗೆ ಧುಮುಕಿ ಮೇಲೆ ತಂದು ನಿಲ್ಲಿಸಿದರು ಎಂದೂ ಹೇಳಿದರು.

ಕತೆ ಕೇಳುತ್ತ ನಾನು ಬೇಟದ ಮೇಲ್ದಿಕ್ಕಿನ ತುದಿಗೆ ಹೋಗಿ ನಿಂತೆ. ಕಣ್ಣೆದುರು ಕರಿಕಲ್ಲಿಗೆ ತಾಗಿ ನೀರು ಎರಡು ಸೀಳಾಗುತ್ತಿತ್ತು. ಈ ಹೆಸರನ್ನು ಇಟ್ಟವರು ಹೊಳೆಯನ್ನು ಚೆನ್ನಾಗಿ ನೋಡಿದವರು ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಪ್ರವಾಹ ಎತ್ತಲಿಂದ ಬರುತ್ತದೆ, ಎಲ್ಲಿ ಒಡೆಯುತ್ತದೆ, ಯಾವ ತಾವು ಉಳಿಯುತ್ತದೆ, ಎಲ್ಲವೂ ಆ ಕತೆಯಲ್ಲಿದೆ. ಭೂಗೋಳದ ಪಾಠದಲ್ಲಿ ನಾಲ್ಕು ಸಾಲು ಬೇಕಾಗುವುದನ್ನು ಎರಡು ತೋಳುಗಳಲ್ಲಿ ಹೇಳಿದ್ದಾರೆ.

ಎಲ್ಲ ನಡುಗಡ್ಡೆಗಳ ಹೆಸರೂ ಹೀಗೆ ಹುಟ್ಟುವುದಿಲ್ಲ. ಜಗತ್ತಿನ ಅತ್ಯಂತ ಒಂಟಿಯಾದ ನಿರ್ಜನ ದ್ವೀಪ ಎಂದು ಹೆಸರಾದ ಬುವೆ ದ್ವೀಪ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿದೆ. 1739ರ ಜನವರಿ 1ರಂದು ಬುವೆ ಎಂಬ ಫ್ರೆಂಚ್ ನಾವಿಕ ಅದನ್ನು ದೂರದಿಂದ ಕಂಡ. ಮಂಜಿನಲ್ಲಿ ಅದು ದ್ವೀಪವೋ ಖಂಡದ ತುದಿಯೋ ತಿಳಿಯಲಿಲ್ಲ. ಭೂಶಿರ ಎಂದೇ ಭಾವಿಸಿ, ಆ ದಿನದ ಕ್ರೈಸ್ತ ಹಬ್ಬದ ಹೆಸರನ್ನು ಇಟ್ಟ. ಇಳಿಯಲಿಲ್ಲ. ಅವನು ಗುರುತು ಮಾಡಿದ ತಾಣ ತಪ್ಪಾಗಿದ್ದರಿಂದ ಮುಂದೆ ಜೇಮ್ಸ್ ಕುಕ್ ಹುಡುಕಿದರೂ ಸಿಗಲಿಲ್ಲ. 1808ರಲ್ಲಿ ಕಂಡವರು ಒಂದು ಹೆಸರು ಕೊಟ್ಟರು, 1825ರಲ್ಲಿ ಕಂಡವರು ಇನ್ನೊಂದು. 1927ರಲ್ಲಿ ನಾರ್ವೆಯವರು ಇಳಿದು ತಮ್ಮದೆಂದರು. ಕೊನೆಗೆ ಉಳಿದದ್ದು ಕಾಲೂರದೆ ಹೋದವನ ಹೆಸರು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೂ 1498ರಲ್ಲಿ ವಾಸ್ಕೋ ಡ ಗಾಮ ಹೆಸರಿಟ್ಟ ಎನ್ನುತ್ತಾರೆ. ಹಡಗಿನಲ್ಲಿ ಹಾದುಹೋಗುವವನು ಪಂಚಾಂಗ ನೋಡಿ, ಪೂಜಿಸುವ ದೇವರನ್ನು ನೆನೆದು ಹೆಸರಿಡುತ್ತಾನೆ. ದಿನವೂ ದಾಟುವವನು ನೀರು ನೋಡಿ ಇಡುತ್ತಾನೆ. ಎರಡನೆಯ ಬಗೆಯ ಹೆಸರೇ ನನಗೆ ದೊಡ್ಡದು. ಅದರಲ್ಲಿ ಮುಂದೆ ದಾಟುವವನಿಗೆ ಬೇಕಾದ ತಿಳಿವಳಿಕೆ ಇದೆ.

ಬೇಟದ ಮೇಲೆ ಕುಳಿತೇ ಲಿಂಗಸುಗೂರಿನ ಸೋದರಮಾವನಿಗೆ ಫೋನ್ ಹಚ್ಚಿದೆ. ಮಂದಿ ಇಲ್ಲದ ಗಡ್ಡಿಗಳ ಹೆಸರು ಹೇಳು ಮಾವ ಎಂದೆ. ಆತ ಮೇಲಿನಿಂದ ಕೆಳಕ್ಕೆ ಹೊಳೆ ಇಳಿಯುವ ಕ್ರಮದಲ್ಲೇ ಹೇಳುತ್ತ ಹೋದ. ಒಂದಕ್ಕೆ ಅಲ್ಲಿ ಕಲ್ಲಂಗಡಿ ಹಾಕುತ್ತಿದ್ದವನ ಹೆಸರು, ಒಂದಕ್ಕೆ ಅಲ್ಲಿ ಹರಗೋಲು ಮಗುಚಿ ಹೋದ ಮನೆತನದ್ದು, ಒಂದಕ್ಕೆ ದನ ಈಜಿಸಿ ಹತ್ತಿಸುತ್ತಿದ್ದ ಮಡುವಿನದ್ದು. ಆಮೇಲೆ, ‘ನಾರಾಯಣಪುರದ ಡ್ಯಾಮ್ ಆದ ಮ್ಯಾಲ ಒಂದೆರಡ ಕಾಣಂಗಿಲ್ಲವ್ವ, ಹೆಸರಷ್ಟ ಉಳಿದಾವು’ ಎಂದ. ಗುರವರು ಈ ಮಾತನ್ನು ಮಾಸ್ತರರಿಂದ ಕೇಳಿ ತಿಳಿದು, ‘ನಿಮ್ಮ ಕಡೆ ನೀರು ಯಾರು ಬಿಡುತ್ತಾರೆ?’ ಎಂದು ಕೇಳಿದರು. ನಾನು ‘ಮೇಲಿನವರು’ ಎಂದೆ. ಅವರು ‘ನಮಗೆ ಕೆಳಗಿನವರು ತಡೆಯುತ್ತಾರೆ’ ಎಂದರು.

ಇಬ್ಬರ ಮಾತಿನಲ್ಲೂ ವರ್ಷಗಳ ನೋವಿತ್ತು. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೆಂಬುದು ಕರ್ನಾಟಕದ ಬೇಡಿಕೆ. ಏರಿಸಿದರೆ ಹಿನ್ನೀರು ತಮ್ಮನ್ನು ಮುಳುಗಿಸುತ್ತದೆ ಎಂಬುದು ಸಾಂಗಲಿ, ಕೊಲ್ಹಾಪುರದವರ ಭಯ. ನಮ್ಮ ಗಡ್ಡಿಗಳಲ್ಲಿ ಇದೇ ಭಯ ತಿರುಗಿ ನಿಲ್ಲುತ್ತದೆ. ಕೊಯ್ನಾ ತುಂಬಿತು ಎಂದರೆ ಕೆಲವೇ ದಿನಗಳಲ್ಲಿ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಗಡ್ಡಿಯ ಜನ ಒಳಗೇ ಉಳಿಯುತ್ತಾರೆ. ಅಣೆಕಟ್ಟುಗಳ ಲೆಕ್ಕ ತಜ್ಞರು ಮಾಡಲಿ. ಆದರೆ ಈ ಹೊಳೆಯ ಬಗ್ಗೆ ಮಾತಾಡಲು ಕುಳಿತವರ ಕೈಯಲ್ಲಿ ಬಹೆಯ ಹೆಸರೂ ಇರಬೇಕು, ಕರಕಲಗಡ್ಡಿಯ ಹೆಸರೂ ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಮೀಟರು, ಟಿಎಂಸಿ, ಕ್ಯೂಸೆಕ್ಕುಗಳಲ್ಲಿ ಹೊಳೆಯನ್ನು ಅಳೆಯುವವರಿಗೆ ಪ್ರವಾಹ ಹಿಂದೆ ಎಲ್ಲೆಲ್ಲಿ ಒಡೆದಿತ್ತು ಎಂದು ಹೇಳುವ ಹಳೆಯ ದಾಖಲೆ ಈ ಹೆಸರುಗಳು. 2019ರಲ್ಲಿ ಈ ಗುಡಿಗೂ ನೀರು ಬಂದಿತ್ತು. ಮಾರುತಿಯ ಹೆಗಲ ಮೇಲೆ ಹರಿಯಿತು ಎಂದರು ಗುರವರು. ನೀರು ಇಳಿದ ಮೇಲೆ ಮೊದಲ ಕೆಲಸ ಕೆಸರು ಎತ್ತುವುದು, ಎರಡನೆಯದು ಸಿಂಧೂರ.

ತಿರುಗಿ ಬರುವಾಗ ಮಾಸ್ತರರು ಭಡಂಗದ ಪೊಟ್ಟಣ ಕೈಗಿಟ್ಟರು. ನಮ್ಮ ಖಾರಾ ಚುರುಮುರಿಯ ಸೋದರಸಂಬಂಧಿ, ಬೆಳ್ಳುಳ್ಳಿ ಮುಂದು. ‘ಮನೀಗೆ ಹೋಗಿ ಆ ಮಾವನ್ನ ಮುಂದ ಕುಂಡ್ರಿಸಿಕೊಂಡು ಬರದ ಬಿಡ್ರಿ ಅಕ್ಕಾರ’ ಎಂದರು. ಬರೆದಿದ್ದೇನೆ. ಮಾವ ಹೇಳಿದ್ದಷ್ಟೂ ಈಗ ಒಂದು ನೋಟ್‌ಬುಕ್ಕಿನಲ್ಲಿದೆ, ಪಕ್ಕದಲ್ಲಿ ಕೈಯಿಂದ ಬರೆದ ಹೊಳೆಯ ನಕ್ಷೆ. ಅಂಬಿಗರ ಓಣಿಯ ಇಬ್ಬರು ಹಿರಿಯರು ಇನ್ನಷ್ಟು ಸೇರಿಸಿದರು, ಎರಡು ಕಡೆ ಮಾವನೊಂದಿಗೆ ಜಗಳವನ್ನೂ ಮಾಡಿದರು.

ಊರಿರುವ ಗಡ್ಡಿಯ ಹೆಸರು ಮತದಾರರ ಪಟ್ಟಿಯಲ್ಲಿ ಇರುತ್ತದೆ, ರೇಷನ್ ಕಾರ್ಡಿನಲ್ಲಿ ಇರುತ್ತದೆ. ಯಾರೂ ಇಲ್ಲದ ಗಡ್ಡಿಗೆ ಅದನ್ನು ದಾಟಿದವರ ನೆನಪು ಬಿಟ್ಟರೆ ಬೇರೆ ದಫ್ತರವಿಲ್ಲ. ಸೇತುವೆಗಳು ಬಂದಂತೆ ದಾಟುವವರು ಕಡಿಮೆಯಾಗುತ್ತಿದ್ದಾರೆ. ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆ, ಕಾಳಿ, ಶರಾವತಿ, ನೀವು ಯಾವ ಹೊಳೆಯ ದಂಡೆಯವರಾದರೂ ಸರಿ, ಈ ಬೇಸಗೆಯಲ್ಲಿ ನೀರು ಇಳಿದಾಗ ಹರಗೋಲು ಹಾಕಿದ ಕೈಯ ಹಿರಿಯರೊಬ್ಬರನ್ನು ಕರೆದುಕೊಂಡು ದಂಡೆಗೆ ಹೋಗಿ. ಕಾಣುವ ಪ್ರತಿಯೊಂದು ಗಡ್ಡಿಯ, ಕುದುರಿನ, ಬಂಡೆಯ, ಮಡುವಿನ ಹೆಸರು ಕೇಳಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ವರ್ಷವನ್ನೂ ಹಾಕಿ. ಎರಡು ದಂಡೆಯವರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ.